ಒಂದು ದಿನ ತಡವಾದ ಊಟ

ರುಬಿಯಾಳ ನಾಲಿಗೆ ಕಪ್ಪಗಿತ್ತು. ಇಮೋಗಿರಿ ರಸ್ತೆಯಿಂದ ಮಸೀದಿಯ ಕಡೆಗೆ ತಿರುಗುವ ಓಣಿಯಲ್ಲಿ ಅವಳ ಊಟದಂಗಡಿ. ಹೊಸದಾಗಿ ಬಂದವರು ಅವಳು ನಕ್ಕಾಗ ಒಂದು ಗಳಿಗೆ ಬೆಚ್ಚುತ್ತಿದ್ದರು. ಹಳಬರು ಆ ನಾಲಿಗೆಯನ್ನೇ ಅಂಗಡಿಯ ಬೋರ್ಡು ಎನ್ನುತ್ತಿದ್ದರು, ಏಕೆಂದರೆ ಬೇರೆ ಬೋರ್ಡು ಇರಲಿಲ್ಲ. ಬ್ರೊಂಕೋಸ್ ಸಾರಿಗೆ ಹಾಕುವ ಕ್ಲುವೆಕ್ ಕಾಯಿಯ ತಿರುಳು ಡಾಂಬರಿನಷ್ಟು ಕಪ್ಪು. ನೂರರಲ್ಲಿ ನಾಲ್ಕೈದು ಕಾಯಿ ಕಹಿ ಇರುತ್ತವೆ. ಒಂದು ಬಿದ್ದರೂ ಇಡೀ ಹಂಡೆ ಹಾಳು. ನೋಡಿದರೆ ಗೊತ್ತಾಗುವುದಿಲ್ಲ, ಮೂಸಿದರೂ ನಂಬುವ ಹಾಗಿಲ್ಲ. ಒಂದೊಂದನ್ನೂ ಒಡೆದು, ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ, ಆಮೇಲೆ ಒರಳಿಗೆ ಹಾಕಬೇಕು. ಬೇರೆ ಅಡುಗೆಯವರು ಹತ್ತಕ್ಕೆ ಒಂದನ್ನು ನೋಡಿ ಕೈತೊಳೆದುಕೊಳ್ಳುತ್ತಾರೆ. ರುಬಿಯಾ ದಿನಕ್ಕೆ ನಲವತ್ತು ಕಾಯಿಯನ್ನೂ ನೋಡುತ್ತಿದ್ದಳು, ಇಪ್ಪತ್ತೇಳು ವರ್ಷ.

ಈ ಕೆಲಸ ಕಲಿಸಿದವಳು ಅತ್ತೆ ಕರ್ಸಿನಾ. ಅಂಗಡಿ ಮೊದಲಿಗೆ ಅತ್ತೆಯದು. ಮುಂದೆ ಎರಡು ಉದ್ದನೆಯ ಬೆಂಚು, ಹಿಂದೆ ಸೌದೆ ಒಲೆ, ಒಲೆಯ ಹಿಂದೆ ಬಿದಿರು ತಟ್ಟಿಯ ಗೋಡೆ, ಗೋಡೆಯಾಚೆ ಮಲಗುವ ಕೋಣೆ. ಬೆಳಿಗ್ಗೆ ಆರಕ್ಕೆ ಅನ್ನ, ಅಲಸಂದೆ ಕಾಳಿನ ಬ್ರೊಂಕೋಸ್, ತೆಂಗಿನ ಹಾಲಿನಲ್ಲಿ ಬೇಯಿಸಿದ ಸೀಮೆಬದನೆ, ಬೆಲ್ಲದಲ್ಲಿ ಬತ್ತಿಸಿದ ಟೆಂಪೆ ಎಂಬ ಸೋಯಾ ಬಿಲ್ಲೆ, ಜಜ್ಜಿದ ಮೆಣಸಿನಕಾಯಿಯ ಸಂಬಾಲ್. ಬಂದವರು ಬೇಕಾದ್ದನ್ನು ಬಡಿಸಿಕೊಂಡು, ತಿಂದದ್ದನ್ನು ತಾವೇ ಹೇಳಿ ಹೋಗುವುದು ಅಲ್ಲಿಯ ರೂಢಿ. ನಾಲ್ಕು ತುಂಡು ಟೆಂಪೆ ತಿಂದವರು ನಾಲ್ಕು ಎಂದೇ ಹೇಳುತ್ತಾರೆ, ಯಾರೂ ಅನುಮಾನಿಸುವುದಿಲ್ಲ. ಮೂರು ಎಂದು ಹೇಳಿ ಹೋದರೆ ನಾಲ್ಕನೆಯದು ಹೊಟ್ಟೆಯೊಳಗೇ ಕೂಗಿಕೊಳ್ಳುತ್ತದೆ ಎಂದು ಕರ್ಸಿನಾ ಹೆದರಿಸುತ್ತಿದ್ದಳು. ಜನ ನಗುತ್ತಿದ್ದರು. ರುಬಿಯಾ ಮಾತ್ರ ಅದನ್ನು ಅರ್ಧದಷ್ಟಾದರೂ ನಂಬಿದ್ದಳು.

ಅವಳ ಗಂಡ ಪಾರ್ದಿ ಮರಳು ಲಾರಿ ಓಡಿಸುತ್ತಿದ್ದ. ಮದುವೆಯಾದ ಐದನೆಯ ವರ್ಷ ಮೆರಾಪಿ ಬೆಟ್ಟದ ತಪ್ಪಲಲ್ಲಿ ಲಾರಿ ಮಗುಚಿ ಸತ್ತ. ಮಕ್ಕಳಿರಲಿಲ್ಲ. ತವರಿನವರು ಬಂದು, ಇನ್ನೂ ಇಪ್ಪತ್ತಾರು ವಯಸ್ಸು, ಕರೆದುಕೊಂಡು ಹೋಗುತ್ತೇವೆ ಎಂದರು. ಕರ್ಸಿನಾ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮಗನ ನಲವತ್ತನೆಯ ದಿನದ ಊಟ ಮುಗಿದ ಮರುದಿನ ಬೆಳಿಗ್ಗೆ ಕ್ಲುವೆಕ್ ಬುಟ್ಟಿಯನ್ನು ಸೊಸೆಯ ಮುಂದೆ ತಂದಿಟ್ಟು, ತಾನು ಸೌದೆ ಒಡೆಯಲು ಹೋದಳು. ಅಲ್ಲಿಯವರೆಗೆ ಆ ಬುಟ್ಟಿಯನ್ನು ತನ್ನ ಮಗಳು ಸುವಾರ್ನಿಗೂ ಮುಟ್ಟಲು ಕೊಟ್ಟವಳಲ್ಲ. ತವರಿನವರು ಮಧ್ಯಾಹ್ನದವರೆಗೆ ಕಾದು, ಮಗಳ ನಾಲಿಗೆ ಕಪ್ಪಾದದ್ದನ್ನು ನೋಡಿ, ಎದ್ದು ಹೋದರು.

ಆಮೇಲೆ ಇಪ್ಪತ್ತು ವರ್ಷ ಆ ಇಬ್ಬರು ಹೆಂಗಸರು ಒಂದೇ ಒಲೆಯ ಮುಂದೆ ಕೂತರು. ಪ್ರೀತಿಯ ಮಾತು ಆಡಿದ್ದನ್ನು ಯಾರೂ ಕೇಳಲಿಲ್ಲ. ಸೊಸೆ ಬೆಂಕಿ ಹೆಚ್ಚು ಮಾಡಿದರೆ, ನಿನ್ನ ಮದುವೆಯ ಮೆರವಣಿಗೆ ಏನಾದರೂ ಹೊರಟಿದೆಯೇ, ಇಷ್ಟು ದೀಪ ಯಾಕೆ ಎಂದು ಅತ್ತೆ ಕೇಳುತ್ತಿದ್ದಳು. ಅತ್ತೆ ಉಪ್ಪು ಮರೆತರೆ, ವಯಸ್ಸಾದವರು ಕಣ್ಣೀರು ಬೆರೆಸಿದರೂ ಸಾಕಾಗುತ್ತದೆ ಎಂದು ಸೊಸೆ ಗೊಣಗುತ್ತಿದ್ದಳು. ಎದುರು ಮನೆಯ ಹರ್ತಿನಿ ದಿನವೂ ಬೆಳಿಗ್ಗೆ ಅಲ್ಲೇ ಊಟ ಮಾಡುತ್ತಿದ್ದವರು. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಟೀಚರಮ್ಮ, ಒಬ್ಬಂಟಿ, ಪುಸ್ತಕದ ಹುಳು. ಅವರು ರುಬಿಯಾಳಿಗಿಂತ ದೊಡ್ಡವರಾದರೂ ಅವಳನ್ನು ಯು, ಎಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಅವಳು ಅವರನ್ನು ಗೌರವದಿಂದ ಬು ಎನ್ನುತ್ತಿದ್ದಳು. ಹಂಡೆ ಇಳಿಸಿದ ಮೇಲೆ ಹರ್ತಿನಿ ಪೇಪರ್ ಓದಿ ಹೇಳಬೇಕು, ರುಬಿಯಾ ಪಾತ್ರೆ ತಿಕ್ಕುತ್ತಾ ಕೇಳಬೇಕು. ಅವರ ಸ್ನೇಹ ಹಾಗೆ ಬೆಳೆದದ್ದು.

ಕರ್ಸಿನಾ ಒಂದು ದಿನ ಸೌದೆ ಎತ್ತುವಾಗ ಬಿದ್ದಳು. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು. ಮಗಳು ಸುವಾರ್ನಿ ಮಗೆಲಾಂಗ್ ಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವಳು ಓಡಿ ಬಂದು, ತಾಯಿಯನ್ನು ತನ್ನ ಮನೆಗೆ ಕರೆದೊಯ್ಯುತ್ತೇನೆ ಎಂದಳು. ಕರ್ಸಿನಾ ಎಡಗೈಯಲ್ಲಿ ಮರದ ಸೌಟು ಹಿಡಿದು ಮಂಚದ ಚೌಕಟ್ಟನ್ನು ಅದು ಮುರಿಯುವಂತೆ ಬಡಿದಳು. ಅಲ್ಲಿಗೆ ಆ ಮಾತು ಮುಗಿಯಿತು. ಸೌಟು ಮಾತ್ರ ಅವಳ ಕೈಯಲ್ಲೇ ಉಳಿಯಿತು. ಕೆಲವೇ ದಿನಗಳಲ್ಲಿ ಅತ್ತೆ ಸೊಸೆಯರ ನಡುವೆ ಅದೇ ಭಾಷೆಯಾಯಿತು. ತಟ್ಟಿಯ ಗೋಡೆಗೆ ಒಂದು ಬಡಿದರೆ ನೀರು. ಎರಡು ಬಡಿದರೆ ಮಗ್ಗುಲು ಬದಲಿಸು. ಮೂರು ಬಡಿದರೆ, ಬಂದು ಸುಮ್ಮನೆ ಹತ್ತಿರ ಕೂತುಕೋ.

ಊರಿಗೆ ಹೊರಡುವಾಗ ಸುವಾರ್ನಿ ಅತ್ತಿಗೆಯ ಕೈ ಹಿಡಿದು ಒಂದೇ ಒಂದು ಮಾತು ಕೇಳಿದಳು. "ಯು, ದುಡಿಮೆ ಬಿಟ್ಟು ನಾನು ಇಲ್ಲಿ ಇರೋಕಾಗಲ್ಲ. ಸಿಂಬೊಕ್ ಹೋಗೋವಾಗ ಒಬ್ಬರೇ ಇರಬಾರದು ಅಷ್ಟೆ. ನೀನಿರು."

ಸಿಂಬೊಕ್ ಎಂದರೆ ಅಮ್ಮ. ರುಬಿಯಾ ತಲೆಯಾಡಿಸಿದಳು.

ಎರಡು ವರ್ಷ ಆ ಮಾತು ಉಳಿಸಿಕೊಂಡಳು. ರಾತ್ರಿ ಅದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಳು. ಒಲೆಯ ಮುಂದಿದ್ದಾಗಲೂ ಒಂದು ಕಿವಿ ಗೋಡೆಯ ಕಡೆಗೇ. ಗಿರಾಕಿಗಳು ಬಡಿತ ಕೇಳಿದರೆ, ನಿಮ್ಮ ಯಜಮಾನಿಯವರು ಕರೀತಿದಾರೆ ನೋಡಿ ಎಂದು ಅವಳಿಗೆ ಮೊದಲೇ ಹೇಳುತ್ತಿದ್ದರು.

ಒಂದು ಗುರುವಾರ ಪಕ್ಕದೂರಿನ ನಿಶ್ಚಿತಾರ್ಥಕ್ಕೆ ಎಪ್ಪತ್ತು ಜನರ ಬ್ರೊಂಕೋಸ್ ಒಪ್ಪಿಕೊಂಡಿದ್ದಳು. ನಾಲ್ಕೂವರೆಗೆ ಗಾಡಿ ಬರುವುದಿತ್ತು. ಸಹಾಯಕ್ಕೆ ಬಂದಿದ್ದ ಹೆಂಗಸರು ಡಬ್ಬಿಗೆ ಅನ್ನ ತುಂಬಲು ಎದುರಿನ ಜಗಲಿಗೆ ಹೋಗಿದ್ದರು. ಒಲೆಯ ಬಳಿ ಅವಳೊಬ್ಬಳೇ. ಗಟ್ಟಿ ತೆಂಗಿನ ಹಾಲು ಸುರಿದ ಮೇಲೆ ಕುದಿ ಬರುವವರೆಗೆ ಸೌಟು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹಾಲು ಒಡೆದು ಎಣ್ಣೆ ಬೇರೆ, ನೀರು ಬೇರೆ. ಸರಿಯಾಗಿ ಆಗ ಗೋಡೆ ಸದ್ದಾಯಿತು. ಮೂರು.

"ಬಂದೆ, ಸಿಂಬೊಕ್," ಎಂದಳು.

ನೀರಾಗಿದ್ದರೆ ಓಡಿ ಹೋಗುತ್ತಿದ್ದಳು. ಮಗ್ಗುಲು ನೋಯುತ್ತಿದ್ದರೂ ಹೋಗುತ್ತಿದ್ದಳು. ಸುಮ್ಮನೆ ಕೂರುವುದಕ್ಕೆ ತಾನೇ, ಹಂಡೆ ಇಳಿಸಿ ಹೋದರಾಯಿತು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಮೂರು. ಬಂದೆ ಎಂದಳು. ಮತ್ತೆ ಮೂರು, ಈ ಸಲ ಮೆಲ್ಲಗೆ. ಹಾಲಿನ ಅಂಚು ನೊರೆಗಟ್ಟುತ್ತಿತ್ತು. ಅವಳು ಉತ್ತರ ಕೊಡಲಿಲ್ಲ. ಆಮೇಲೆ ಬಡಿತ ಬರಲಿಲ್ಲ. ನಿದ್ದೆ ಹತ್ತಿತು, ಸದ್ಯ, ಎಂದು ಅವಳಿಗೆ ಹಾಯೆನಿಸಿತು. ಮುಂದಿನ ವರ್ಷಗಳಲ್ಲಿ ಅವಳನ್ನು ಎಲ್ಲಕ್ಕಿಂತ ಹೆಚ್ಚು ಕೊರೆದದ್ದು ಆ ಸದ್ಯ ಎಂಬ ಮಾತೇ.

ಡಬ್ಬಿಗಳು ಹೋದವು, ಹೆಂಗಸರು ಹೋದರು. ಕೈ ತೊಳೆದು ಒಳಗೆ ಬಂದಾಗ ಐದಕ್ಕೆ ಕಾಲು ಗಂಟೆ ಇತ್ತು. ಸೌಟು ನೆಲಕ್ಕೆ ಬಿದ್ದಿತ್ತು. ಅತ್ತೆಯ ಕೈ ಮುಟ್ಟಿ ನೋಡಿದಳು, ತಣ್ಣಗಿತ್ತು. ಕೂಗಬೇಕು, ಎದುರು ಮನೆಗೆ ಓಡಬೇಕು. ಅವಳು ಅದೇನನ್ನೂ ಮಾಡಲಿಲ್ಲ. ಬಾಯಿ ಮುಚ್ಚಿಸಿದಳು, ಕೂದಲು ಬಾಚಿದಳು, ಮಂಚದ ಪಕ್ಕ ಕೂತಳು. ಕೂರು ಎಂದು ಕರೆದಿದ್ದರಲ್ಲ, ಕೂತಳು. ಒಂದು ಗಂಟೆ ಕೂತೇ ಇದ್ದಳು. ಮಸೀದಿಯಲ್ಲಿ ಸಂಜೆಯ ಬಾಂಗು ಶುರುವಾದಾಗ ಬೆಚ್ಚಿ ಎದ್ದು ಓಣಿಗೆ ಬಂದಳು.

ಮೊದಲು ಓಡಿ ಬಂದವರು ಕೇಳಿದ್ದು, ಯಾವಾಗ? ಬಾಂಗು ಇನ್ನೂ ಮುಗಿದಿರಲಿಲ್ಲ.

"ಈಗ," ಎಂದಳು ರುಬಿಯಾ. ಆ ಹೊತ್ತಿಗೆ ಅದು ಸುಳ್ಳು ಎಂದೂ ಅವಳಿಗೆ ಅನಿಸಲಿಲ್ಲ. ಅವಳ ಪಾಲಿಗೆ ಸತ್ತದ್ದು ಆಗಲೇ. ನೀನು ಹತ್ತಿರ ಇದ್ದೆಯಾ ಎಂದು ಇನ್ನೊಬ್ಬರು ಕೇಳಿದರು. ಇದ್ದೆ ಎಂದಳು. ಕೈ ಹಿಡಿದುಕೊಂಡಿದ್ದೆಯಾ? ಹಿಡಿದುಕೊಂಡಿದ್ದೆ. ಒಂದೊಂದಕ್ಕೂ ಅರ್ಧ ನಿಜವಿತ್ತು.

ಆ ಊರಿನಲ್ಲಿ ದಿನ ಬದಲಾಗುವುದು ನಡುರಾತ್ರಿಗಲ್ಲ, ಸಂಜೆಯ ಬಾಂಗಿಗೆ. ಗುರುವಾರದ ಬಾಂಗು ಕೂಗಿತೆಂದರೆ ಶುಕ್ರವಾರ ಹುಟ್ಟಿತು. ಶುಕ್ರವಾರದ ಸಾವು ಪುಣ್ಯವಂತರ ಸಾವು. ಮಸೀದಿಯ ಹಿರಿಯರು ಪಾಕ್ ರೋಯಿಸ್ ಬಂದು, ಶುಕ್ರವಾರ, ಅದೂ ಬಾಂಗಿನ ಹೊತ್ತು, ಅದೂ ಸೊಸೆಯ ಕೈಯಲ್ಲಿ ಕೈ ಇಟ್ಟು, ಇಂಥ ಹೋಗುವಿಕೆ ನಮಗೂ ಸಿಗಲಿ ಎಂದರು. ನೆರೆದ ಹೆಂಗಸರು ಕಣ್ಣೊರೆಸಿಕೊಂಡರು. ರಾತ್ರಿ ಮಗೆಲಾಂಗಿನಿಂದ ಬಂದ ಸುವಾರ್ನಿ ಅತ್ತಿಗೆಯ ಎರಡೂ ಅಂಗೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಕೊನೆಗೆ ಅಮ್ಮನನ್ನು ಹಿಡಿದದ್ದು ಈ ಕೈ ಎಂದಳು. ಅಷ್ಟಾದ ಮೇಲೆ ಆ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದು ರುಬಿಯಾಳಿಂದ ಆಗಲಿಲ್ಲ.

ಹಾಗೆ ಸಾವಿನ ದಿನ ಶುಕ್ರವಾರ ಎಂದು ನಿಂತಿತು. ಮಿಕ್ಕದ್ದೆಲ್ಲ ಆ ದಿನದಿಂದ ಎಣಿಕೆ. ಮೂರನೆಯ ದಿನದ ಊಟ, ಏಳನೆಯದು, ನಲವತ್ತನೆಯದು, ನೂರನೆಯದು, ವರ್ಷದ್ದು, ಎರಡನೆಯ ವರ್ಷದ್ದು. ಪ್ರತಿಸಲವೂ ಅನ್ನ ಬೇಯಿಸಿ, ಓಣಿಯವರನ್ನು ಕರೆದು, ಪ್ರಾರ್ಥನೆ ಮಾಡಿಸಿ, ಎಲೆಯಲ್ಲಿ ಊಟ ಕಟ್ಟಿ ಕಳಿಸಿದವಳು ರುಬಿಯಾ. ಪ್ರತಿಸಲವೂ ಒಂದು ದಿನ ತಡವಾಗಿ. ಅದು ಅವಳೊಬ್ಬಳಿಗೇ ಗೊತ್ತು.

ಬೇರೆ ಯಾರಾದರೂ ಆಗಿದ್ದರೆ ಮರೆಯುತ್ತಿದ್ದರೇನೋ. ಆದರೆ ರುಬಿಯಾ ಹಸಿದು ಬಂದವರಿಗೆ ಬಡಿಸಿಯೇ ಬದುಕಿದವಳು. ಸತ್ತವರು ತಮ್ಮ ದಿನಕ್ಕೆ ಸರಿಯಾಗಿ ಮನೆಗೆ ಬಂದು ಹೋಗುತ್ತಾರೆ ಎಂಬುದು ಅವಳಿಗೆ ಒಲೆ, ಸೌದೆಯಷ್ಟೇ ನಿಜ. ಅತ್ತೆ ಬರುತ್ತಾಳೆ, ಒಲೆ ಆರಿದೆ, ಎಲೆ ಹಾಕಿಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಾಳೆ. ಮರುದಿನ ಊರಿಗೆಲ್ಲ ಊಟ, ಅವಳೊಬ್ಬಳಿಗಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಯಾರು ಯಾವುದಕ್ಕೆ ಕರೆದರೂ ಸೌಟು ಬಿಟ್ಟು ಓಡುವ ಅಭ್ಯಾಸ ಶುರುವಾಯಿತು. ಎರಡು ಸಲ ಹಾಲು ಒಡೆಯಿತು. ಗಿರಾಕಿಗಳು, ಉಪ್ಪು ಬೇಕು ಅಂದ್ರೆ ಬೆಂಕಿ ಬಿದ್ದ ಹಾಗೆ ಓಡಿ ಬರ್ತೀರಲ್ಲ ಯು ಎಂದು ಚೇಷ್ಟೆ ಮಾಡಿದರು.

ಇನ್ನು ಉಳಿದದ್ದು ಸಾವಿರದ ದಿನ. ಅದೇ ಕೊನೆಯದು. ಅದಾದ ಮೇಲೆ ಸತ್ತವರನ್ನು ಊಟಕ್ಕೆ ಕರೆಯುವ ದಿನ ಇನ್ನಿಲ್ಲ. ಸಮಾಧಿಯ ಮೇಲೆ ಕಲ್ಲು ಕೂರಿಸಿ ಬೀಳ್ಕೊಡುತ್ತಾರೆ. ಶುಕ್ರವಾರದಿಂದ ಎಣಿಸಿದರೆ ಅದು ಬುಧವಾರ ಬೀಳುತ್ತಿತ್ತು. ಗುರುವಾರದಿಂದ ಎಣಿಸಿದರೆ ಮಂಗಳವಾರ. ಹೋಗಲಿ, ಈ ಒಂದು ಊಟವನ್ನಾದರೂ ಸರಿಯಾದ ದಿನ ಬಡಿಸಿಬಿಡಬೇಕು ಎಂದು ರುಬಿಯಾ ಒಂದು ವರ್ಷದಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿಟ್ಟಿದ್ದಳು. ಫೋನಿನಲ್ಲಿ ಸುವಾರ್ನಿಗೆ, ಮಂಗಳವಾರವೇ ಇಟ್ಟುಕೊಂಡರೆ ಹೇಗೆ, ಬುಧವಾರ ಪಾಕ್ ರೋಯಿಸ್‌ಗೆ ಬೇರೆ ಕೆಲಸ ಇರಬಹುದು ಎಂದು ಸುತ್ತಿಬಳಸಿ ಹೇಳಿ ನೋಡಿದಳು. ಸುವಾರ್ನಿ ನಕ್ಕಳು. ಅಮ್ಮ ಶುಕ್ರವಾರ ಹೋದದ್ದೇ ಒಂದು ಭಾಗ್ಯ, ಅದರ ಎಣಿಕೆ ತಪ್ಪಿಸಬೇಕೇ? ಕಲ್ಲಿನ ಮೇಲೆ ದಿನ ಕೆತ್ತಿಸುವುದಕ್ಕೂ ಹೇಳಿಯಾಗಿದೆ ಎಂದಳು.

ಆ ವಾರ ರುಬಿಯಾ ಹರ್ತಿನಿಗೆ ಎಲ್ಲವನ್ನೂ ಹೇಳಿದಳು. ಪೇಪರ್ ಓದಿ ಮುಗಿದಿತ್ತು. ಅವಳು ಹಂಡೆಯ ಮಸಿ ಕೆರೆಯುತ್ತಾ, ತಲೆ ಎತ್ತದೆ, ಹಾಲು ಸುರಿದಲ್ಲಿಂದ ಬಾಂಗಿನವರೆಗೆ ಹೇಳಿದಳು. ಹರ್ತಿನಿ ಬಹಳ ಓದಿದವರು. ಓದಿದವರ ಉತ್ತರ ಅವರ ಬಾಯಲ್ಲಿ ಸಿದ್ಧವಿತ್ತು.

"ದೇವರಿಗೆ ಒಂದು ದಿನ ಹೆಚ್ಚುಕಡಿಮೆ ಏನು ಮಹಾ, ಯು? ಸುವಾರ್ನಿ ನೆಮ್ಮದಿಯಾಗಿದಾಳೆ. ಅದನ್ನ ಯಾಕೆ ಕಲಕ್ತೀರ? ಬಿಟ್ಟುಬಿಡಿ."

"ದೇವರ ವಿಷಯ ಅಲ್ಲ ಬು," ಎಂದಳು ರುಬಿಯಾ. "ಸಿಂಬೊಕ್ ವಿಷಯ. ಅವರಿಗೆ ಹಸಿವಾಗುತ್ತೆ."

ಹರ್ತಿನಿ ಆಗ ನಕ್ಕುಬಿಟ್ಟರು. ಅವಳ ಭಾರ ಹಗುರ ಮಾಡಲು ನಕ್ಕದ್ದು. ರುಬಿಯಾ ಹಂಡೆ ಕೆರೆಯುತ್ತಾ ಹೋದಳು. ಆ ನಗುವನ್ನು ವಾಪಸು ತೆಗೆದುಕೊಳ್ಳಲು ಹರ್ತಿನಿ ಆಮೇಲೆ ಏನು ಬೇಕಾದರೂ ಕೊಡುತ್ತಿದ್ದರು. ಅವರು ಅವತ್ತು, ನಾನೂ ಜೊತೆಗೆ ಬರುತ್ತೇನೆ, ಹೋಗಿ ಸುವಾರ್ನಿಗೆ ಹೇಳೋಣ ಎಂದಿದ್ದರೆ ಇನ್ನೂ ಹತ್ತು ದಿನ ಕೈಯಲ್ಲಿತ್ತು. ಕಲ್ಲಿಗೆ ಉಳಿ ಬಿದ್ದಿರಲಿಲ್ಲ.

ಮಂಗಳವಾರ ರುಬಿಯಾ ಅಂಗಡಿ ತೆರೆಯಲಿಲ್ಲ. ಬೆಂಚುಗಳನ್ನು ಮಗುಚಿ ಹಾಕಿದ್ದನ್ನು ನೋಡಿ ಜನ ನಾಳಿನ ಊಟದ ಸಿದ್ಧತೆ ಇರಬೇಕು ಎಂದುಕೊಂಡು ವಾಪಸು ಹೋದರು. ಅವಳು ಸಣ್ಣ ಮಡಕೆಯಲ್ಲಿ ಬ್ರೊಂಕೋಸ್ ಮಾಡಿದಳು. ಒಬ್ಬರ ಅಳತೆಗೆ ಮಾಡಿ ಅಭ್ಯಾಸವಿಲ್ಲದೆ ಉಪ್ಪು ಎರಡು ಸಲ ತಪ್ಪಿತು. ಅತ್ತೆಯ ಕೋಣೆಯಲ್ಲಿ, ಬರಿಯ ಮಂಚದ ಮುಂದೆ, ಬಾಳೆ ಎಲೆ ಹಾಕಿದಳು. ಅನ್ನ, ಸಾರು, ಅತ್ತೆಗೆ ಇಷ್ಟವೆಂದು ಟೆಂಪೆಯ ಸುಟ್ಟ ಅಂಚನ್ನೇ ಆರಿಸಿ ಎರಡು ತುಂಡು, ಸಕ್ಕರೆ ಹೆಚ್ಚು ಹಾಕಿದ ಕಪ್ಪು ಕಾಫಿ. ಆಗ ಹೊರಗೆ ಮೋಟಾರ್ ಬೈಕು ನಿಂತ ಸದ್ದಾಯಿತು. ಸಂಜೆಗೆ ಬರಬೇಕಾಗಿದ್ದ ಸುವಾರ್ನಿ ಅಡುಗೆಗೆ ಕೈಜೋಡಿಸೋಣವೆಂದು ಬೆಳಿಗ್ಗೆ ಹತ್ತಕ್ಕೇ ಬಂದಿದ್ದಳು, ಎರಡೂ ಕೈಯಲ್ಲಿ ಹೂವಿನ ಪೊಟ್ಟಣ.

"ಏನ್ ಯು, ಅಂಗಡಿ ಮುಚ್ಚಿದೀಯ? ಊರಿಗೆ ಊರೇ ಉಪವಾಸ ಇವತ್ತು," ಎನ್ನುತ್ತಾ ಒಳಗೆ ಬಂದವಳು ಕೋಣೆಯ ಬಾಗಿಲಲ್ಲಿ ನಿಂತಳು. ಎಲೆ ನೋಡಿದಳು. ಮಂಚ ನೋಡಿದಳು. "ಊಟ ನಾಳೆ ತಾನೆ?"

ನಾಳೆಗೆ ರುಚಿ ನೋಡೋಣ ಅಂತ ಮಾಡಿದ್ದು ಎಂಬ ಉತ್ತರ ರುಬಿಯಾಳ ಬಾಯಿಗೆ ಬಂದಿತ್ತು. ಹೇಳಿದ್ದರೆ ಸುವಾರ್ನಿ ನಂಬುತ್ತಿದ್ದಳು. ಎಲೆಯ ಮೇಲಿನ ಅನ್ನದಿಂದ ಆವಿ ಏಳುತ್ತಿತ್ತು.

"ಇವತ್ತು," ಎಂದಳು.

ಸುವಾರ್ನಿ ಬಾಗಿಲು ದಾಟಿ ಒಳಗೆ ಬಂದಳು.

"ಸಿಂಬೊಕ್ ಹೋಗಿದ್ದು ಬಾಂಗಿಗೆ ಮುಂಚೆ, ಸುವಾರ್ನಿ. ಗುರುವಾರ ಇನ್ನೂ ಮುಗಿದಿರಲಿಲ್ಲ."

"ಎಷ್ಟು ಮುಂಚೆ?"

"ಗೊತ್ತಿಲ್ಲ. ನಾನು ಒಳಗೆ ಬಂದಾಗ ಕೈ ತಣ್ಣಗಿತ್ತು."

ಸುವಾರ್ನಿ ಹೂವಿನ ಪೊಟ್ಟಣಗಳನ್ನು ಮೆಲ್ಲಗೆ ನೆಲದ ಮೇಲಿಟ್ಟಳು. 

"ಬಡಿದ್ರಾ?"

"ಹ್ಞೂಂ."

"ಎಷ್ಟು?"

"ಮೂರು. ಮೂರು ಸಲ ಮೂರು."

ಸುವಾರ್ನಿಗೆ ಆ ಭಾಷೆ ಬರುತ್ತಿತ್ತು. ಎರಡು ವರ್ಷದಲ್ಲಿ ಬಂದಾಗಲೆಲ್ಲ ಅವಳೂ ಆ ಸೌಟಿನ ಮಾತಿಗೆ ಓಡಿದ್ದಳು. ಅವಳು ಕಿರುಚಲಿಲ್ಲ, ಬೈಯಲಿಲ್ಲ. ಗೋಡೆಗೆ ಒರಗಿ ಕೂತಳು. ರುಬಿಯಾ ತೆಂಗಿನ ಹಾಲಿನ ಮಾತು, ಗಾಡಿಯ ಮಾತು, ಎಪ್ಪತ್ತು ಜನರ ಮಾತು ಹೇಳಲು ಶುರುಮಾಡಿ, ಅರ್ಧಕ್ಕೆ ಬಿಟ್ಟಳು. ಸುವಾರ್ನಿ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಹಿತ್ತಲ ಬಾಗಿಲ ಮೇಲಿತ್ತು.

"ಅಗುಳಿ ಹಾಕಿದೀಯಲ್ಲ ಯು," ಎಂದಳು ಕೊನೆಗೆ. "ತೆಗಿ. ಹೇಗೆ ಬರ್ತಾರೆ?"

ರುಬಿಯಾ ಎದ್ದು ಅಗುಳಿ ತೆಗೆದಳು. ಇಬ್ಬರೂ ಎಲೆಯ ಎರಡು ಬದಿಗೆ ಕೂತರು. ಅನ್ನದ ಆವಿ ನಿಂತಿತು, ಕಾಫಿಯ ಮೇಲೆ ಕೆನೆಯಂತೆ ಧೂಳು ಕೂತಿತು. ಮಧ್ಯಾಹ್ನದವರೆಗೆ ಹಾಗೇ ಇದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಸುವಾರ್ನಿ ಎದ್ದು ತೋಳು ಮಡಿಸಿಕೊಂಡು, ನಾಳೆಗೆ ಎಷ್ಟು ಸೇರು ಅಕ್ಕಿ ತೊಳೆಯಬೇಕು ಎಂದು ಕೇಳಿದಳು.

ಬುಧವಾರ ಬೆಳಿಗ್ಗೆ ಸಮಾಧಿಯ ಮೇಲೆ ಕಲ್ಲು ಕೂತಿತು. ಅದರಲ್ಲಿ ಶುಕ್ರವಾರ ಎಂದೇ ಇತ್ತು. ಕೆತ್ತುವವನಿಗೆ ಹೇಳಿ ಬದಲಿಸೋಣವೇ ಎಂದು ರುಬಿಯಾ ಹಿಂದಿನ ಸಂಜೆ ಕೇಳಿದ್ದಳು. ಬೇಡ, ಊರಿಗೆಲ್ಲ ಉತ್ತರ ಹೇಳುತ್ತಾ ಕೂರುವ ಶಕ್ತಿ ತನಗಿಲ್ಲ ಎಂದಿದ್ದಳು ಸುವಾರ್ನಿ. ಮಧ್ಯಾಹ್ನದ ನಮಾಜಿನ ನಂತರ ಓಣಿಯವರೆಲ್ಲ ಚಾಪೆಯ ಮೇಲೆ ಸೇರಿದರು. ಪಾಕ್ ರೋಯಿಸ್ ಪ್ರಾರ್ಥನೆ ಮುಗಿಸಿ, ಶುಕ್ರವಾರದ ಬಾಂಗಿನ ಹೊತ್ತಿಗೆ, ಸೊಸೆಯ ಕೈಯಲ್ಲಿ ಕೈ ಇಟ್ಟು ಹೊರಟ ಪುಣ್ಯವಂತೆ ಎಂದು ನೆನೆದರು. ಎಲ್ಲರೂ ಆಮೀನ್ ಎಂದರು. ಸುವಾರ್ನಿಯ ತುಟಿ ಅಲುಗಲಿಲ್ಲ. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿ ಹೋದರು, ಈ ಸಲ ಬ್ರೊಂ‌ಕೋಸ್ ಅಜ್ಜಿಯ ಕೈಯದರ ಹಾಗೇ ಇದೆ ಎಂದೂ ಹೇಳಿದರು.

ಜನ ಹೋದ ಮೇಲೆ ಇಬ್ಬರೂ ಬಾವಿಕಟ್ಟೆಯ ಬಳಿ ಪಾತ್ರೆ ತಿಕ್ಕುತ್ತಿದ್ದರು. ಹರ್ತಿನಿ ತೊಳೆದದ್ದನ್ನು ಒರೆಸಿ ಇಡುತ್ತಿದ್ದರು. ತಪ್ಪಾಯಿತು ಎಂದು ರುಬಿಯಾ ಆಗ ಹೇಳಿದಳು. ಒಂದೇ ಸಲ ಹೇಳಿದಳು. ಸುವಾರ್ನಿ ಕೈಯಲ್ಲಿದ್ದ ತಟ್ಟೆಯನ್ನು ಬಹಳ ಹೊತ್ತು ತಿಕ್ಕಿದಳು.

"ಹಾಲು ಒಡೆಯುತ್ತೆ ಅಂತ ನೀನು ಏಳಲಿಲ್ಲ. ನಾನಾಗಿದ್ರೂ ಏಳ್ತಿರಲಿಲ್ಲವೋ ಏನೋ. ಅವತ್ತೇ ಹೇಳಿದ್ರೆ ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಸಾವಿರ ದಿನ ಸಿಗ್ತಿತ್ತು ಯು. ಇಷ್ಟೊತ್ತಿಗೆ ಅದು ಮುಗಿದೂ ಹೋಗ್ತಿತ್ತು. ಈಗ ನಾನು ಇವತ್ತಿಂದ ಶುರು ಮಾಡ್ಬೇಕು."

ಸುವಾರ್ನಿ ಪಾತ್ರೆಯೆಲ್ಲ ಮುಗಿಸಿ, ಕೈ ಒರೆಸಿಕೊಂಡು, ಕತ್ತಲಾಗುವ ಮೊದಲೇ ಹೊರಟಳು. ದಾರಿಗೆ ಕಟ್ಟಿಕೊಟ್ಟ ಊಟದ ಪೊಟ್ಟಣ ಬೆಂಚಿನ ಮೇಲೇ ಉಳಿದಿತ್ತು. ಮರೆತಳೋ ಬಿಟ್ಟಳೋ ಎಂದು ರುಬಿಯಾ ಹರ್ತಿನಿಯನ್ನು ಆಮೇಲೂ ಕೆಲವು ಸಲ ಕೇಳಿದ್ದುಂಟು.

ಆ ವರ್ಷ ಉಪವಾಸದ ತಿಂಗಳು ಮುಗಿದ ಲೆಬಾರಾನ್ ಹಬ್ಬಕ್ಕೆ ಸುವಾರ್ನಿ ಬರಲಿಲ್ಲ, ಫೋನ್ ಮಾಡಿದಳು. ಹಬ್ಬದ ದಿನ ಎಲ್ಲರೂ ಎಲ್ಲರಿಗೂ ಹೇಳುವ ಮಾತಿದೆಯಲ್ಲ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸಿ ಎಂದು, ಅದನ್ನು ಹೇಳಿದಳು. ರುಬಿಯಾಳೂ ಅದನ್ನೇ ಹೇಳಿದಳು. ಅಷ್ಟಕ್ಕೆ ಫೋನ್ ಮುಗಿಯಿತು. ಪಕ್ಕದ ಮನೆಯವರಿಗೆ ಹೇಳೋ ಹಾಗೇ ಹೇಳಿದಳು ಬು ಎಂದು ರುಬಿಯಾ ಹರ್ತಿನಿಯ ಮುಂದೆ ಅಂದಳು, ದೂರಿನಂತಲ್ಲ, ಹವಾಮಾನ ಹೇಳುವಂತೆ. ಆದರೂ ಅಂಗಡಿಯಲ್ಲಿ ಅವಳ ಮುಖ ಮೊದಲಿಗಿಂತ ತಿಳಿಯಾಗಿತ್ತು. ಊಟವೂ ಇಳಿಯುತ್ತಿತ್ತು. ನನಗೆ ಹಗುರಾಯ್ತು, ಅವಳಿಗೆ ಭಾರ ಆಯ್ತು, ಇದೇನು ನ್ಯಾಯ ಎಂದು ಒಮ್ಮೆ ಕೇಳಿದಳು. ಹರ್ತಿನಿ ಈ ಸಲ ನಗಲಿಲ್ಲ.

ಮರುವರ್ಷ ಉಪವಾಸದ ತಿಂಗಳು ಶುರುವಾದಾಗ ಸುವಾರ್ನಿಯೇ ಫೋನ್ ಮಾಡಿ, ಈ ಹಬ್ಬಕ್ಕೆ ಬರುತ್ತೇನೆ, ಎರಡು ದಿನ ಇರುತ್ತೇನೆ ಎಂದಳು. ರುಬಿಯಾ ಮಂಚಕ್ಕೆ ಹೊಸ ಹಾಸಿಗೆ ಹೊಲಿಸಿದಳು. ಎಷ್ಟು ದಿನ ಉಳಿದಿದೆ ಎಂದು ದಿನವೂ ಹರ್ತಿನಿಯ ಪೇಪರಿನ ತಾರೀಖು ನೋಡುತ್ತಿದ್ದಳು. ಹಬ್ಬಕ್ಕೆ ಹನ್ನೆರಡು ದಿನ ಇರುವಾಗ, ಸಂಜೆಯ ಉಪವಾಸ ಬಿಡುವವರಿಗೆ ಅಡುಗೆ ಮಾಡಲು ಕೂತವಳು ಒಲೆಯ ಮುಂದೆಯೇ ವಾಲಿದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಹರ್ತಿನಿ ಆಸ್ಪತ್ರೆಯಲ್ಲಿ ಎರಡು ದಿನ ಜೊತೆಗಿದ್ದರು. ಎರಡನೆಯ ದಿನ ಬೆಳಿಗ್ಗೆ ರುಬಿಯಾ ಒಂದು ಸಲ ಕಣ್ಣು ಬಿಟ್ಟು, ಎರಡು ಮಾತಾಡಿ, ಮತ್ತೆ ಮುಚ್ಚಿದಳು. ಐವತ್ಮೂರು ವಯಸ್ಸು.

ಸುವಾರ್ನಿ ಬರುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಹೆಂಗಸರೆಲ್ಲ ಹೋದ ಮೇಲೆ ಅವಳು ಗಿರಾಕಿಗಳ ಬೆಂಚಿನ ಮೇಲೆ ಹರ್ತಿನಿಯ ಪಕ್ಕ ಬಂದು ಕೂತಳು. ಒಲೆ ಎರಡು ದಿನದಿಂದ ಹೊತ್ತಿರಲಿಲ್ಲ.

"ಬು, ನೀವು ಹತ್ತಿರ ಇದ್ರಂತೆ. ನನ್ನ ಹೆಸರು ಹೇಳಿದಳಾ?"

ಹೇಳಿದಳು ಎಂದುಬಿಡುವುದು ಸುಲಭವಿತ್ತು. ಸುವಾರ್ನಿ ಅದನ್ನು ಹಿಡಿದುಕೊಂಡು ಮಗೆಲಾಂಗಿಗೆ ಹೋಗಿ ಬದುಕಿಕೊಳ್ಳುತ್ತಿದ್ದಳು. ಯಾರೂ ಪರೀಕ್ಷೆ ಮಾಡುವವರಿರಲಿಲ್ಲ. ಹರ್ತಿನಿಗೆ ಆ ಮಾತು ನಾಲಿಗೆಯ ತುದಿಯವರೆಗೆ ಬಂತು.

"ಇಲ್ಲ," ಎಂದರು. "ಅಲಸಂದೆ ನೆನೆಹಾಕಿ ಬಂದಿದೀನಿ, ನೀರು ಬಸಿದುಬಿಡಿ ಬು, ಅಂದಳು. ಅಷ್ಟೇ."

ಸುವಾರ್ನಿ ತಲೆಯಾಡಿಸಿದಳು. ಒಲೆಯ ಕಡೆ ನೋಡಿ ಕೇಳಿದಳು.

"ಬಸಿದ್ರಾ?"

"ಇಲ್ಲಮ್ಮ," ಎಂದರು ಹರ್ತಿನಿ. "ಮರೆತುಬಿಟ್ಟೆ."

ಸುವಾರ್ನಿ ಎದ್ದು ಒಳಗೆ ಹೋದಳು. ಹುಳಿತ ಕಾಳಿನ ವಾಸನೆ ಬೆಂಚಿನವರೆಗೂ ಬಂತು, ಆಮೇಲೆ ಹಿತ್ತಲಲ್ಲಿ ನೀರು ಚೆಲ್ಲಿದ ಸದ್ದು.